ಮಹಡಿಯ ಮೇಷ್ಟ್ರು ಬರೆಯದ ಶೋಕಗೀತೆ

ಮೊನ್ನೆ ಸರಸ್ವತಿಪುರಂನಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ, ಐವತ್ತರ ದಶಕದಲ್ಲಿ ನಾವು ಬಾಡಿಗೆಗಿದ್ದ ಮನೆ ಕಣ್ಣಿಗೆ ಬಿತ್ತು. ಅದರ ಮಹಡಿಯಲ್ಲಿ ಆಗ ಒಬ್ಬರು ಕವಿಗಳಿದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು.

ಬೆಳದಿಂಗಳು, ಕೋಗಿಲೆ, ವಿರಹ ಇವೇ ಅವರ ಕವನಗಳ ಬಂಡವಾಳ. ಕುಕ್ಕರಹಳ್ಳಿ ಕೆರೆ ಏರಿ ಸುತ್ತಿ ಬಂದು, ಅಂಗಳದಲ್ಲಿ ನಾನು ಸಿಕ್ಕರೆ ಹೇಳುವರು: “ದುಃಖ ಅನ್ನೋದು ಬೆಂಕಿ ಕಣಮ್ಮ. ಅದರಲ್ಲಿ ಬೆಂದ ಮನಸ್ಸೇ ಚಿನ್ನವಾಗೋದು.” ಇಂಟರ್‌ಮೀಡಿಯೆಟ್ ಓದುತ್ತಿದ್ದ ನಾನು, ಬೇಗ ಒಂದು ದುಃಖ ಬಂದರೆ ಒಳ್ಳೆಯದೆಂದು ಕಾದೆ. ಬಂದದ್ದು ಲೆಕ್ಕದಲ್ಲಿ ಫೇಲು.

ಒಂದು ಚಳಿಗಾಲ ಮೇಷ್ಟ್ರ ಹೆಂಡತಿ ಜ್ವರದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಅಮ್ಮ ದಿನವೂ ಮೇಲಕ್ಕೆ ಊಟ ಒಯ್ಯತೊಡಗಿದಳು. ಒಂದು ದಿನ ಮಹಡಿಯಿಂದ ಗದರಿದ ದನಿ: “ಇದು ಸಾರೇನ್ರೀ? ಅವಳು ಹೀಗೆ ಮಾಡ್ತಿರಲಿಲ್ಲ. ತಗೊಂಡು ಹೋಗಿ!” ಅಮ್ಮ ಪಾತ್ರೆ ಹಿಡಿದು ಇಳಿದು ಬಂದಳು. ಮತ್ತೆ ಹತ್ತಲಿಲ್ಲ. ಮೇಷ್ಟ್ರಿಗೆ ಹೋಟೆಲ್ ಊಟವೇ ಗತಿಯಾಯಿತು. ಎದುರುಬದುರಾದರೆ ಇಬ್ಬರೂ ಕಾಂಪೌಂಡಿನ ಕರಿಬೇವಿನ ಗಿಡ ನೋಡುವರು.

ಅಷ್ಟರಲ್ಲಿ ಗೆಳೆಯರು ಕವಿಗೋಷ್ಠಿ ಇಟ್ಟರು. ಮೇಷ್ಟ್ರು ಹೆಂಡತಿಯ ಮೇಲೆ ಶೋಕಗೀತೆ ಓದುತ್ತಾರೆಂದು ಜನ ಕಿಕ್ಕಿರಿದಿದ್ದರು. ಅಮ್ಮನನ್ನೂ ಬಲವಂತವಾಗಿ ಕರೆದೊಯ್ದಿದ್ದೆ. ಅಳುವುದಕ್ಕೆಂದು ನನ್ನ ಕೈಯಲ್ಲಿ ಇಸ್ತ್ರಿ ಮಾಡಿದ ಕರ್ಚೀಫು ಬೇರೆ.

ಮೇಷ್ಟ್ರು ಎದ್ದು, “ಬರೆದಿಲ್ಲ” ಎಂದರು. “ದುಃಖ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತೆ ಅಂತ ಇಷ್ಟು ವರ್ಷ ಬರೆದೆ. ನನ್ನನ್ನು ಸಿಡುಕನನ್ನಾಗಿ ಮಾಡಿತು. ಅನ್ನ ತಂದುಕೊಟ್ಟವರನ್ನೇ ಬೈದೆ. ಮನಸ್ಸಿನ ವಿಷಯ ಸದ್ಯಕ್ಕೆ ನನಗೆ ಗೊತ್ತಿರೋದು ಇಷ್ಟೇ.” ಕೂತುಬಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

“ನೋಡಮ್ಮ, ನಿನಗೇ ಹೇಳಿದ್ದು” ಎಂದೆ, ದಾರಿಯಲ್ಲಿ.

“ಬೈದದ್ದು ಮನೇಲಿ. ಸಭೇಲಿ ಹೇಳಿದರೆ ಮುಗೀತೇನೆ?” ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಮೇಷ್ಟ್ರು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಶಾರದಮ್ಮನವರೇ, ತಪ್ಪಾಯ್ತು. ಸಾರು ಚೆನ್ನಾಗೇ ಇತ್ತು. ಅವಳು ಮಾಡಿದ್ದಲ್ಲ, ಅಷ್ಟೇ.”

ಅಮ್ಮ ಒಲೆಯ ಕಡೆಯಿಂದ ತಿರುಗದೆ, “ಅವರು ಹೇಗೆ ಮಾಡ್ತಿದ್ರು ಹೇಳಿ, ಹಾಗೇ ಮಾಡೋಣ” ಎಂದಳು.

ಮೇಷ್ಟ್ರಿಗೆ ಅದೇ ಗೊತ್ತಿರಲಿಲ್ಲ. ಅಷ್ಟು ವರ್ಷ ಉಂಡಿದ್ದರು, ಒಂದು ದಿನವೂ ಕೇಳಿರಲಿಲ್ಲ. ಅಲ್ಲೇ ಗೋಡೆಗೊರಗಿ, ಮಕ್ಕಳ ಹಾಗೆ ಅತ್ತರು. ಅಮ್ಮ ಮಣೆ ಹಾಕಿ, ಎಲೆ ಹಾಸಿದಳು.

ಮೊನ್ನೆ ಮನೆಗೆ ಬಂದವಳೇ ಯಜಮಾನರನ್ನು ಕೇಳಿದೆ: “ನಾನು ಹುಳಿಗೆ ಏನೇನು ಹಾಕ್ತೀನಿ, ಗೊತ್ತೇನ್ರೀ?”

“ಬೇಳೆ” ಎಂದರು, ಪೇಪರಿನ ಹಿಂದಿನಿಂದ.

“ಪೇಪರಿಟ್ಟು ಅಡುಗೆಮನೆಗೆ ಬನ್ನಿ” ಎಂದೆ. ಬಂದರು.