ಕೂಡಲೊಲ್ಲದ ವರ

ನಮ್ಮ ಮನೆಯವರ ಹೆಸರನ್ನು ನಾನು ಇಂದಿಗೂ ಬಾಯಿಬಿಟ್ಟು ಹೇಳಿದವಳಲ್ಲ, ಇಲ್ಲಿಯೂ ಹೇಳುವುದಿಲ್ಲ. ಆದರೆ ಅವರಿಗಿದ್ದ ಬೇನೆಯ ಹೆಸರು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ಅದು ಮೂಲವ್ಯಾಧಿ. ಅದರ ದೆಸೆಯಿಂದ ನನ್ನ ಮದುವೆ ಇನ್ನೇನು ಮುರಿಯುವುದರಲ್ಲಿತ್ತು.

ಐವತ್ತರ ದಶಕದ ಮೊದಮೊದಲಿನ ಮಾತು. ರೋಣದಲ್ಲಿ ನಮ್ಮ ತಂದೆಯವರದು ಕಡಲೆ, ಜೋಳದ ವ್ಯಾಪಾರ. ಮನೆಯಲ್ಲಿ ತಂದೆ, ತಾಯಿ, ತಂದೆಯ ತಮ್ಮನಾದ ಕಾಕಾ, ಇವರೆಲ್ಲರ ಮೇಲೆ ಅಜ್ಜಿ. ನಾನು ಒಬ್ಬಳೇ ಮಗಳು, ಅದೂ ಎತ್ತರದ ಮಗಳು. ನನ್ನ ಮದುವೆಯ ಹಿಂದಿನ ವರ್ಷ ನರಗುಂದದಿಂದ ನೋಡಲು ಬಂದವರು ಉಂಡು, ಎಲೆಅಡಿಕೆ ಹಾಕಿಕೊಂಡು, ಹೊಸ್ತಿಲು ದಾಟುವಾಗ, "ಹುಡುಗಿ ಭಾಳ ಉದ್ದ ಅದಾಳ್ರಿ. ನಮ್ಮ ಹುಡುಗ ಅಕಿ ಭುಜಕ್ಕ ಬರ್ತಾನ" ಎಂದು ಹೇಳಿ ಹೋಗಿದ್ದರು. ಅಂದಿನಿಂದ ನಮ್ಮ ಅವ್ವ ನನ್ನನ್ನು ಕಂಡಾಗಲೆಲ್ಲ, "ಸ್ವಲ್ಪ ಬಗ್ಗಿ ನಡಿಯವ್ವಾ" ಎನ್ನುತ್ತಿದ್ದಳು. ತಲೆಯ ಮೇಲೆ ಕೊಡ ಹೊತ್ತವಳು ಬಗ್ಗಿ ನಡೆಯುವುದು ಹೇಗೆ? ಆ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಇನ್ನೊಬ್ಬರು ಬಂದು ಹೀಗೆಯೇ ಅಂದು ಹೋದರೆ ಎಂಬ ಭಯ ಮಾತ್ರ ಒಳಗೆ ಇದ್ದೇ ಇತ್ತು.

ಅಷ್ಟರಲ್ಲಿ ಗಜೇಂದ್ರಗಡದ ಸಂಬಂಧ ಬಂತು. ಹುಡುಗನಿಗೆ ಅರಿವೆ ಅಂಗಡಿ, ಬಟ್ಟೆಯ ವ್ಯಾಪಾರ. ತಂದೆ ಇಲ್ಲ, ಸೋದರಮಾವನೇ ಹಿರಿಯ. "ಮುಂಜಾನಿಂದ ಸಂಜಿತನಕ ಗಾದಿ ಬಿಟ್ಟು ಏಳೂದಿಲ್ಲಂತ, ಅಷ್ಟ ದುಡೀತಾನಂತ" ಎಂದು ಕಾಕಾ ಹೊಗಳಿದ್ದೇ ಹೊಗಳಿದ್ದು. ಅಂಥ ಹುಡುಗ ನಮ್ಮ ಮನೆಗೆ ಬಂದು ಮಾಡಿದ್ದೇನು? ಕೂತುಕೊಳ್ಳಲೇ ಇಲ್ಲ.

ಬಸ್ಸಿನಿಂದ ಇಳಿದು ಬಂದವರಿಗೆ ಕಾಲಿಗೆ ನೀರು ಕೊಟ್ಟದ್ದಾಯಿತು. ಪಡಸಾಲೆಯಲ್ಲಿ ಹೊಸ ಜಮಖಾನೆ ಹಾಸಿತ್ತು. ಸೋದರಮಾವ ಹೋಗಿ ಗೋಡೆಗೆ ಒರಗಿ ಕೂತರು. ಹುಡುಗ ಕಂಬ ಹಿಡಿದು ನಿಂತ.

"ಕುಂದರ್ರಿ" ಎಂದರು ತಂದೆ.

"ಇರ್ಲಿರಿ, ನಿಂತಿರ್ತೀನಿ."

ಜಮಖಾನೆ ಸರಿಬರಲಿಲ್ಲವೇನೋ ಎಂದು ತಂದೆ ಪಕ್ಕದ ಮನೆಯಿಂದ ಕುರ್ಚಿ ತರಿಸಿದರು. ಹುಡುಗ ಅದರ ಕಟ್ಟಿಗೆಯ ಹಲಗೆ ನೋಡಿ ಇನ್ನೂ ಹಿಂದೆ ಸರಿದ. ಒಳಗಿನಿಂದ ಗಾದಿ ಬಂತು. "ಬ್ಯಾಡ್ರಿ, ಯಾಕ ತ್ರಾಸ" ಎಂದು ಅದಕ್ಕೂ ಕೈ ಮುಗಿದ. ನಮ್ಮ ಕಡೆ, ಮನೆಗೆ ಬಂದವರು ಕೂಡಲಿಲ್ಲ ಎಂದರೆ ಆ ಮನೆಯ ನಂಟು ಬೇಡ ಎಂದೇ ಅರ್ಥ. ಜಗಳ ಮಾಡಲು ಬಂದವರು ನಿಲ್ಲುತ್ತಾರೆ, ಕೆಟ್ಟ ಸುದ್ದಿ ತಂದವರು ನಿಲ್ಲುತ್ತಾರೆ. ಹೆಣ್ಣು ನೋಡಲು ಬಂದವರು ನಿಲ್ಲುವುದಿಲ್ಲ.

ನಾನು ಅವಲಕ್ಕಿಯ ತಾಟು ಹಿಡಿದು ಹೋದೆ. ಜತೆಗೆ ಅವ್ವ ಕರಿದ ಮೆಣಸಿನಕಾಯಿ ಭಜಿ, ಕೆಂಪು ಚಟ್ನಿ, ಮಜ್ಜಿಗೆ. ಹುಡುಗ ಭಜಿ ನೋಡಿದ್ದು ಚೇಳು ಕಂಡ ಹಾಗೆ. ಮಜ್ಜಿಗೆ ಅಷ್ಟೇ ತೆಗೆದುಕೊಂಡ. ಅವನ ಹಣೆಯ ಮೇಲೆ ಬೆವರಿತ್ತು. ತಾಟು ಹಿಂದಕ್ಕೆ ಕೊಡುವಾಗ ಒಂದು ಸಲ ನನ್ನ ಮುಖ ನೋಡಿದ. ಕಣ್ಣು ಮೆತ್ತಗಿದ್ದವು, ಅವುಗಳಲ್ಲಿ ಸೊಕ್ಕು ಇರಲಿಲ್ಲ. ಆಗಲೇ ನಾನು ಇನ್ನೊಂದು ಸಂಗತಿ ನೋಡಿಕೊಂಡೆ: ನಾನು ಬಗ್ಗದೆ ನಿಂತರೂ ಅವನು ನನಗಿಂತ ನಾಲ್ಕು ಬೆರಳು ಎತ್ತರವಿದ್ದ. ಕೂತಿದ್ದರೆ ಇದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಗೊತ್ತಾದ ಮೇಲೆ ಎದೆಯೊಳಗೆ ಆಸೆ ಹುಟ್ಟಿಬಿಟ್ಟಿತು. ಹುಟ್ಟಬಾರದಿತ್ತು ಎಂದು ಆ ಗಳಿಗೆಯಲ್ಲಿಯೇ ಅನಿಸಿತು, ಏಕೆಂದರೆ ಕೂಡಲೊಲ್ಲದ ವರ, ತಿನ್ನಲೊಲ್ಲದ ವರ, ಇವನೂ ಒಲ್ಲೆನೆಂದೇ ಹೋಗುವವನು.

ಅಡಿಗೆಮನೆಗೆ ಬಂದು ತಾಟು ಕುಕ್ಕಿದೆ. "ಬಂದಾಗಿಂದ ಕಂಬಾನ ಅಪ್ಪಿಕೊಂಡು ನಿಂತಾನ. ಕಂಬಾನ ಕೊಟ್ಟು ಮದಿವಿ ಮಾಡ್ರಿ" ಎಂದೆ. ಹೇಳಿದ್ದು ಸಿಟ್ಟಿನಿಂದ, ಆದರೆ ಕಣ್ಣಲ್ಲಿ ನೀರು ಬಂತು. ಹೊರಗೆ ಕಾಕಾನ ದನಿ ಏರುತ್ತಿತ್ತು. ಕಾಕಾನಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ನಮ್ಮ ಮನಿ ನೆಲ ನಿಮಗ ಸುಡತೈತೇನ್ರಿ?" ಎಂದು ಕೇಳಿಯೇಬಿಟ್ಟ. ಸೋದರಮಾವ ತಬ್ಬಿಬ್ಬಾಗಿ, "ಹಂಗಲ್ರಿ, ಹಂಗಲ್ರಿ" ಎನ್ನುತ್ತಿದ್ದರು. ಪಾಪ, ಅವರಿಗೂ ಏನೂ ಗೊತ್ತಿರಲಿಲ್ಲ.

ಅಜ್ಜಿ ಇಷ್ಟು ಹೊತ್ತೂ ಬಾಗಿಲ ಮರೆಯಲ್ಲಿ ಕೂತು ನೋಡುತ್ತಿದ್ದಳು. ಹುಡುಗ ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸುವುದು, ಮೆಣಸಿನಕಾಯಿ ಕಂಡು ಹೆದರುವುದು, ಎಲ್ಲವನ್ನೂ ನೋಡಿದ್ದಳು. ಎದ್ದು ಬಂದವಳೇ ಒಳಗೆ ನೀರಿನ ಹರವಿಯ ಬುಡದಲ್ಲಿದ್ದ ದೊಡ್ಡ ಸಿಂಬಿಯನ್ನು ತೆಗೆದಳು. ಅದು ನಾನು ನನ್ನ ಹಳೆಯ ಸೀರೆ ಸುತ್ತಿ, ಹೊಲಿದು ಮಾಡಿದ ಬಟ್ಟೆಯ ಬಳೆ. ನಡುವೆ ಹರವಿಯ ತಳ ಕೂಡುವಷ್ಟು ತೂತು. "ಇದ್ಯಾಕಬೇ?" ಎಂದೆ. "ಸುಮ್ನಿರು" ಎಂದು ಹೊರಗೆ ಹೋಗಿ, ಅದನ್ನು ಗಾದಿಯ ಮೇಲಿಟ್ಟು, ಮೇಲೆ ದುಪ್ಪಟಿ ಹಾಸಿದಳು.

"ತಮ್ಮಾ, ಇದರ ಮ್ಯಾಲೆ ಕುಂದ್ರಪಾ" ಎಂದಳು. "ನಮ್ಮನಿಯವರೂ ಹಿಂಗ ಕುಂದರತಿದ್ರು. ಇದರಾಗ ನಾಚೂದೇನೈತಿ?"

ಹುಡುಗನ ಕಿವಿ ಕೆಂಪಾದವು. ದುಪ್ಪಟಿಯನ್ನು ಕೈಯಿಂದ ಒತ್ತಿ ನೋಡಿದ, ಅಜ್ಜಿಯನ್ನು ನೋಡಿದ. ಆಮೇಲೆ ಕಂಬ ಬಿಟ್ಟು, ನಿಧಾನಕ್ಕೆ, ಬಹಳ ನಿಧಾನಕ್ಕೆ ಕೂತ. ಬಿಗಿಹಿಡಿದಿದ್ದ ಉಸಿರನ್ನು ಅವನು ಬಿಟ್ಟದ್ದು ಬಾಗಿಲ ಹಿಂದೆ ನಿಂತ ನನಗೂ ಕೇಳಿಸಿತು. ನಾನೂ ಉಸಿರುಬಿಟ್ಟೆ. ತಂದೆಗೆ ಏನೂ ತಿಳಿಯಲಿಲ್ಲ, ಕೂತನಲ್ಲ ಎಂದು ಅವರ ಮುಖ ಅರಳಿತು. ಕಾಕಾ ಮಾತ್ರ ಆ ದುಪ್ಪಟಿಯ ಕಡೆಗೇ ನೋಡುತ್ತಿದ್ದ. ಯಾಕೆಂದು ಮರುದಿನ ತಿಳಿಯಿತು. ಯಾರೂ ಇಲ್ಲದ ಹೊತ್ತು ನೋಡಿ ಕಾಕಾ ಅಜ್ಜಿಯ ಹತ್ತಿರ ಬಂದು, "ಯವ್ವಾ, ಆ ಸಿಂಬಿ ಎಲ್ಲೈತಿ?" ಎಂದು ಕೇಳಿದ. ಅವನೂ ವರ್ಷಗಟ್ಟಲೆ ಅದೇ ಬೇನೆಯನ್ನು ಹಲ್ಲು ಕಚ್ಚಿ ನುಂಗಿಕೊಂಡಿದ್ದ. ಅವನ ಮೂಗಿನ ತುದಿಯ ಸಿಟ್ಟಿಗೆ ಮೂಲ ಎಲ್ಲಿತ್ತೆಂದು ಅಜ್ಜಿಯ ಬಾಯಿಂದ ಮನೆಗೆಲ್ಲ ಆಗ ತಿಳಿಯಿತು.

ಕೂತ ಹುಡುಗನನ್ನು ಅಜ್ಜಿ ಸುಮ್ಮನೆ ಬಿಡಲಿಲ್ಲ. ಹೊರಡುವಾಗ ಹತ್ತಿರ ಕರೆದು, ರಕ್ತ ಹೋಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಅವನು ತಲೆ ತಗ್ಗಿಸಿ ಹೌದೆಂದ. "ಬಿಸಿನೀರಿನ ಪರಾತದಾಗ ಕುಂದ್ರು, ಸುಡೂ ನೀರಲ್ಲ, ಬೆಚ್ಚಗಿರಬೇಕು. ಮಜ್ಜಿಗಿ ಕುಡಿ, ಖಾರ ಬಿಡು. ಸೊಂಟಕ್ಕೊಂದು ಬೇರು ಕೊಡ್ತೀನಿ, ಕಟಗೊ. ಆದ್ರ ರಕ್ತ ಕಂಡ ಮ್ಯಾಲೆ ಡಾಕ್ಟರಿಗೆ ತೋರಸಾಕಬೇಕು. ತೋರಿಸಿ ಬಾ, ಆಮ್ಯಾಲೆ ಮದಿವಿ ಮಾತು" ಎಂದಳು. ಮತ್ತೆ ನನ್ನ ಜೀವ ಜೋತುಬಿತ್ತು. ಡಾಕ್ಟರು ಏನೆನ್ನುವರೋ ಏನೋ.

ಅವನನ್ನು ಗದಗಿಗೆ ಕರೆದುಕೊಂಡು ಹೋಗಲು ಎದ್ದು ನಿಂತವನು ನಮ್ಮ ಕಾಕಾ. ಹುಡುಗನ ನೆಪದಲ್ಲಿ ತನ್ನದೂ ತೋರಿಸಿದಂತಾಗುತ್ತದಲ್ಲ! ಇಬ್ಬರೂ ದವಾಖಾನೆಯ ಹೊರಗೆ, ಬೆಂಚು ಖಾಲಿ ಇದ್ದರೂ, ಅಕ್ಕಪಕ್ಕ ನಿಂತೇ ಇದ್ದರಂತೆ. ಸಂಜೆ ಕಾಕಾ ತಿರುಗಿ ಬಂದಾಗ ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಅವನ ಮುಖದಲ್ಲಿ ನಗುವಿತ್ತು.

"ಬರೇ ಮೂಲವ್ಯಾಧಿ. ಬ್ಯಾರೆ ಏನೂ ಇಲ್ಲಂದ್ರು" ಎಂದು ಕಾಕಾ ಇಡೀ ಓಣಿಗೆ ಕೇಳುವಂತೆ ಹೇಳಿದ. ಮುಚ್ಚಿಟ್ಟುಕೊಂಡದ್ದು ಒಮ್ಮೆ ಹೊರಬಿದ್ದ ಮೇಲೆ ಅವನಿಗೆ ಹಿಡಿತವೇ ಇರಲಿಲ್ಲ. ಹುಡುಗನಿಗೆ ಕೊಯ್ಯುವ ಮಾತೇ ಬೇಡವೆಂದಿದ್ದರು ಡಾಕ್ಟರು. ಹಚ್ಚಲು ಮುಲಾಮು, ಮಲ ಮೆತ್ತಗಾಗಲು ಇಸಬಗೋಲ. ನೀರು ಚೆನ್ನಾಗಿ ಕುಡಿಯಬೇಕು, ರೊಟ್ಟಿಯ ಜತೆ ಕಾಳು, ಸೊಪ್ಪಿನ ಪಲ್ಯ ಹೆಚ್ಚು ತಿನ್ನಬೇಕು, ಬಯಲಿಗೆ ಹೋದಾಗ ತಿಣುಕಬಾರದು, ಬಂದ ಕರೆಯನ್ನು ಗಿರಾಕಿ ಇದ್ದಾರೆಂದು ತಡೆಯಲೂಬಾರದು. ಗಾದಿಯಿಂದ ಆಗಾಗ ಎದ್ದು ಅಡ್ಡಾಡಬೇಕು, ಸಿಂಬಿಯ ಮೇಲೂ ದಿನವಿಡೀ ಕೂಡುವುದು ಒಳ್ಳೆಯದಲ್ಲ. ರಕ್ತ ನಿಲ್ಲದಿದ್ದರೆ ತಿರುಗಿ ಬರಬೇಕು. ಅಜ್ಜಿಯ ಬೆಚ್ಚನೆ ನೀರಿಗೆ ಡಾಕ್ಟರು ತಲೆದೂಗಿದರಂತೆ. ಬೇರಿನ ಮಾತಿಗೆ ಮಾತ್ರ, "ಕಟಗೋರಿ, ಅದರಿಂದ ಏನೂ ಆಗೂದಿಲ್ಲ" ಎಂದು ನಕ್ಕರಂತೆ. ಅಜ್ಜಿ, "ಅವರಿಗೇನ ಗೊತ್ತೈತಿ" ಎಂದು ಮೂತಿ ತಿರುಗಿಸಿದಳು. ಕಾಕಾನದು ಹಳೆಯ ಬೇನೆ, ಅವನಿಗೆ ಬೇನೆಯ ಜಾಗದಲ್ಲೇ ಸೂಜಿ ಮಾಡಿ ಕಳಿಸಿದ್ದರು. ಅದಕ್ಕೇ ಗದಗಿನಿಂದ ರೋಣದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದ, ಆದರೂ ಅಂದು ಯಾರ ಮೇಲೂ ರೇಗಲಿಲ್ಲ.

ಮುಂದೆ ಗಜೇಂದ್ರಗಡದಿಂದ ಒಳ್ಳೆಯ ಸುದ್ದಿ ಬರುತ್ತಲೇ ಇತ್ತು. ರಕ್ತ ನಿಂತಿದೆ, ನೋವು ಇಳಿದಿದೆ. ಮದುವೆ ಗೊತ್ತಾಯಿತು.

ನಮ್ಮ ಮನೆಯವರು ಬಹಳ ದಿನಗಳ ಮೇಲೆ ನನಗೆ ಹೇಳಿದ ಮಾತನ್ನು ಇಲ್ಲಿಯೇ ಹೇಳಬೇಕು. ಅವರ ತಂದೆ ರಕ್ತ ಕಾರಿ ತೀರಿಕೊಂಡಿದ್ದರು. ತಮಗೂ ರಕ್ತ ಕಂಡಾಗ, ಅದೇ ರೋಗ ಬೇರೆ ದಾರಿ ಹಿಡಿದಿದೆ, ತಾವೂ ಬಹಳ ದಿನ ಉಳಿಯುವವರಲ್ಲ ಎಂದು ಅವರು ನಂಬಿಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಸೋದರಮಾವ ಎಳೆದುಕೊಂಡು ಬಂದರೆಂದು ಬಂದಿದ್ದರು ಅಷ್ಟೇ. "ಒಲ್ಲೆ ಅಂತ ಹೇಳಾಕನ ಬಂದಿದ್ದೆ. ಪರರ ಮಗಳ ಬಾಳೇವು ಯಾಕ ಹಾಳಮಾಡ್ಲಿ ಅಂತ" ಎಂದರು. ನಾನು ಅಂದು ಅಡಿಗೆಮನೆಯಲ್ಲಿ ಹೆದರಿದ್ದು ಸುಳ್ಳಾಗಿರಲಿಲ್ಲ. ಅದನ್ನು ಕೇಳಿ ನಾನು ಗಳಗಳನೆ ಅತ್ತೆ. ಅವರು ಒಬ್ಬರೇ ಅಷ್ಟು ದಿನ ಆ ಸಾವನ್ನು ಮಡಿಲಲ್ಲಿಟ್ಟುಕೊಂಡು ಗಿರಾಕಿಗಳಿಗೆ ಅರಿವೆ ಹರಿದುಕೊಟ್ಟಿದ್ದರಲ್ಲ!

ಮದುವೆಯ ದಿನ ಹಂದರದಲ್ಲಿ ನಮ್ಮಿಬ್ಬರಿಗೂ ಮಣೆ ಹಾಕಿದ್ದರು. ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಏಳುವ ಹಾಗಿಲ್ಲ. ನಾನು ಅಭ್ಯಾಸದಂತೆ ಭುಜ ಬಗ್ಗಿಸಿ, ತಲೆ ತಗ್ಗಿಸಿ ಮೊದಲೇ ಕೂತಿದ್ದೆ. ಅವರು ಬಂದು ಮಣೆಯ ಮೇಲಿನ ಶಾಲನ್ನು ಕೈಯಿಂದ ಒತ್ತಿದರು. ಅಜ್ಜಿ ಅದರ ಕೆಳಗೆ ಯಾರಿಗೂ ಕಾಣದಂತೆ ಸಿಂಬಿ ಇಟ್ಟಿದ್ದಳು. ಅವರು ಅದನ್ನು ಮೆಲ್ಲಗೆ ಹೊರತೆಗೆದು ನನ್ನ ಮಡಿಲಿಗೆ ಸರಿಸಿದರು. ಬರಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನೊಡನೆ ಮೊದಲ ಮಾತು ಆಡಿದರು:

"ಈಗ ಬ್ಯಾಡ. ಕುಂದ್ರಾಕ ಬರ್ತೈತಿ."

ನನಗೆ ನಗು ತಡೆಯಲಾಗಲಿಲ್ಲ. ಹಂದರದ ತುಂಬ ಮಂದಿ, ಮದುಮಗಳು ಕಿಸಕ್ಕನೆ ನಕ್ಕರೆ ಏನಂದಾರು! ಅವ್ವ ಹಿಂದಿನಿಂದ ತೋಳು ಚಿವುಟಿದಳು. ಕೂತಲ್ಲಿಯೂ ಅವರ ತಲೆ ನನ್ನ ತಲೆಗಿಂತ ಮೇಲಿತ್ತು. ಸಿಂಬಿಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.