ದೇವಕಿಯ ಮಗು, ನಮ್ಮತ್ತೆಯ ಓಟು

ಪಕ್ಕದ ಬಾಡಿಗೆ ಮನೆಯಿಂದ ಬೆಳಿಗ್ಗೆ ಸಾಂಬ್ರಾಣಿಯ ಹೊಗೆ ತೇಲಿ ಬಂತು. ಕೂಸಿಗೆ ನೀರು ಹಾಕಿ ತಲೆಗೆ ಹೊಗೆ ಹಿಡಿಯುತ್ತಿರಬೇಕು. ಓದುತ್ತಿದ್ದ ಪೇಪರನ್ನು ಮಡಿಚಿಟ್ಟು ಕಣ್ಣು ಮುಚ್ಚಿದೆ. ವಯಸ್ಸಾದವರು ಕಣ್ಣು ಮುಚ್ಚಿದರೆ ಮನೆಯವರು ತೂಕಡಿಕೆ ಎಂದುಕೊಳ್ಳುತ್ತಾರೆ. ನೀವಾದರೂ ಹಾಗೆಂದುಕೊಳ್ಳಬೇಡಿ. ನಾನು ಸುಂಟಿಕೊಪ್ಪಕ್ಕೆ ಹೋಗಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮದುವೆಯಾಗಿ ಆ ಊರಿನ ಹತ್ತಿರದ ಕಾಫಿ ಎಸ್ಟೇಟಿಗೆ ಬಂದಿದ್ದೆ. ಮಾವ ಅಲ್ಲಿ ರೈಟರು, ಆಳುಗಳ ಹಾಜರಿ ಬರೆಯುವ ಕೆಲಸ. ಅತ್ತೆ ಮಗ್ಗಿಬಾಯಿ ಕುಳ್ಳಗೆ, ದುಂಡಗೆ, ಸದಾ ಸದ್ದು ಮಾಡುತ್ತಾ ಓಡಾಡುವ ಹೆಂಗಸು. ಜಪಮಾಲೆ ಎಣಿಸುತ್ತಲೇ ಕೋಳಿಗಳನ್ನು ಬೈಯುತ್ತಿದ್ದರು. ಯಾವ ಮಾತು ಮಾತೆ ಮರಿಯಮ್ಮನಿಗೆ, ಯಾವುದು ಕೋಳಿಗೆ ಎಂದು ತಿಳಿಯಲು ಹೊಸ ಸೊಸೆಗೆ ಬಹಳ ದಿನ ಹಿಡಿಯಿತು.

ಒಂದು ಸಂಜೆ ಆಳುಗಳ ಸಾಲುಮನೆ ಲೈನಿನಿಂದ ಕೆಂಚಪ್ಪ ಬಂದು ಅಂಗಳದಲ್ಲಿ ನಿಂತ. ಹಿಂದೆ ಅವನ ತಂಗಿ ದೇವಕಿ, ಸೆರಗನ್ನು ಬಾಯಿಗೆ ಒತ್ತಿಕೊಂಡು. ಇಬ್ಬರೂ ಶಿರಂಗಾಲದ ಕಡೆಯಿಂದ ಕಾಫಿ ಪಿಕಿಂಗಿಗೆ ಬಂದವರು. ಮದುವೆಯಾಗುತ್ತೇನೆಂದು ನಂಬಿಸಿದ್ದ ಲಾರಿಯವನೊಬ್ಬ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ದೇವಕಿ ಬಸುರಿ.

“ಔಸ್ದಿ ಕೊಡೋಳು ಒಬ್ಳವ್ಳಂತೆ ಕಣಮ್ಮ. ನಾಳೆ ಕರ್ಕೊಂಡೋಯ್ತೀನಿ. ಇವ್ಳಿಗೊಂದು ರಜ ಕೊಡ್ಸಿ,” ಎಂದ.

ಅತ್ತೆ ಅವನನ್ನು ದಾಟಿ ಬಂದರು. “ನಿಂಗೇನು ಬೇಕು? ನೀನು ಹೇಳು ಮಗಾ,” ಎಂದು ದೇವಕಿಯನ್ನು ಕೇಳಿದರು.

“ಮಗ ಬೇಕು ಕಣವ್ವ. ಇರಾಕೆ ಜಾಗ ಇಲ್ಲ.”

“ಮತ್ತೆ ಇದೇನು, ದನದ ಕೊಟ್ಟಿಗೆಯಾ?” ಎಂದು ಅತ್ತೆ ನಮ್ಮ ಮನೆಯತ್ತ ಕೈ ತೋರಿಸಿದರು.

ಕೆಂಚಪ್ಪನಿಗೆ ಸಿಟ್ಟು ಬಂತು. “ನಾವು ಊರಲ್ಲಿ ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?”

“ಹೊಟ್ಟೇಲಿ ಬಂದು ಕೂತ ಮೇಲೆ ಅದು ನೆಂಟ ಕಣೋ. ಬಂದ ನೆಂಟನ್ನ ಊಟಕ್ಕೆ ಮುಂಚೆ ಎಬ್ಬಿಸಿ ಕಳಿಸ್ತೀಯಾ ನೀನು?”

ಅವನು ಅಂಗಳ ಇಳಿದು ಹೋದ. ದೇವಕಿ ಉಳಿದಳು.

ಮಾವ ಬಂದವರೇ ಬೆವರತೊಡಗಿದರು. “ಎಸ್ಟೇಟಿನ ದೊರೆಗೆ ಗೊತ್ತಾದ್ರೆ?”

“ಗೊತ್ತಾಗ್ಲಿ. ದೊರೆ ಏನು ಕಾಫಿ ಗಿಡದಲ್ಲಿ ಬಿಟ್ಟವನಾ?”

ನಾವು ಭಾನುವಾರ ಹೋಗುತ್ತಿದ್ದ ಇಗರ್ಜಿಯ ಹೆಂಗಸರೂ ಪಿಸುಗುಟ್ಟಿದರು. ಅತ್ತೆ ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೇ ನಿಂತು, “ಮರಿಯಮ್ಮನಿಗೂ ಊರೊಳಗೆ ಯಾರೂ ಜಾಗ ಕೊಟ್ಟಿರ್ಲಿಲ್ಲ. ಹಾಗೆ ಜಾಗ ಕೊಡದವರ ಹೆಸರು ಯಾರಿಗಾದ್ರೂ ನೆನಪಿದೆಯಾ?” ಎಂದು ಕೇಳಿದರು. ಮುಂದಿನ ವಾರ ಅವರಲ್ಲೇ ಒಬ್ಬಾಕೆ ಹಳೆಯ ಮೆತ್ತನೆ ಸೀರೆಗಳ ಗಂಟು ತಂದು ನನ್ನ ಕೈಗಿತ್ತು ಹೋದಳು.

ನನಗೆ ಸಿಕ್ಕ ಕೆಲಸ ದೇವಕಿಯ ಕಾಲಿಗೆ ಎಣ್ಣೆ ತಿಕ್ಕುವುದು. ತಿಕ್ಕಿದ್ದಕ್ಕಿಂತ ಇಬ್ಬರೂ ನಕ್ಕದ್ದೇ ಹೆಚ್ಚು. ನಾನು ಮಾಡಿದ ರಾಗಿ ಗಂಜಿಯನ್ನು ಕುಡಿದು, “ಅಕ್ಕಾ, ಇದ್ನ ಗೋಡೆಗೂ ಬಳೀಬೋದು,” ಎನ್ನುತ್ತಿದ್ದಳು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಮೊದಲು ಬಂದ ದಪ್ಪ ಮೀಸೆಯ ಉಮೇದುವಾರರು ರಸ್ತೆಗೆ ಟಾರು ಹಾಕಿಸುತ್ತೇನೆಂದರು. ಅತ್ತೆ ಕಾಫಿ ಕೊಟ್ಟೇ ಕೇಳಿದರು: “ಹೆರಿಗೆ ಆಸ್ಪತ್ರೆ?” ಅವರು ಮತ್ತೆ ಟಾರಿಗೆ ಬಂದರು. “ಟಾರಿನ ಮೇಲೆ ಹೆರೋಕಾಗಲ್ಲ ಸ್ವಾಮಿ. ಇಲ್ಲಿ ನೋವು ಶುರುವಾದ್ರೆ ಮಡಿಕೇರಿ ತಲುಪೋದ್ರೊಳಗೆ ತಾಯಿನೂ ಇಲ್ಲ, ಮಗೂನೂ ಇಲ್ಲ,” ಎಂದರು ಅತ್ತೆ.

ಆಮೇಲೆ ಬಂದ ಇನ್ನೊಬ್ಬ ಉಮೇದುವಾರರು ಬಡಕಲು ವಕೀಲರು. ಅವರಿಗೂ ಅತ್ತೆಯದು ಅದೇ ಪ್ರಶ್ನೆ. “ಗೆಲ್ಲೋದು ಕಷ್ಟ ಇದೆ ಅಮ್ಮಾ. ಗೆದ್ರೆ ಅದನ್ನೇ ಮೊದಲು ಕೇಳ್ತೀನಿ.”

“ಹುಟ್ಟೋ ಮಕ್ಕಳಿಗೆ ಓಟಿಲ್ಲ. ಅವುಗಳ ಪರವಾಗಿ ನಾನೇ ಹಾಕ್ಬೇಕು. ಹಾಕ್ತೀನಿ ಹೋಗಿ,” ಎಂದು ಅತ್ತೆ ಅವರಿಗೆ ಎರಡನೇ ಲೋಟ ಕಾಫಿ ಕೊಟ್ಟರು.

ಓಟಿನ ದಿನವೇ ದೇವಕಿಗೆ ನೋವು ಬಂತು. ಅವಳ ಹತ್ತಿರ ಮಾವನನ್ನು ಕೂರಿಸಿ (ಪಾಪ, ಅವರ ಮುಖ ಅವಳಿಗಿಂತ ಬಿಳುಚಿತ್ತು) ನಾನು ಓಟು ನಡೆಯುತ್ತಿದ್ದ ಶಾಲೆಯತ್ತ ಓಡಿದೆ. ಅತ್ತೆ ಸಾಲಿನ ಕೊನೆಯಲ್ಲಿದ್ದರು. ನಾನು ಕೂಗಿದ್ದು ಕೇಳಿ ಇಡೀ ಸಾಲು ಸರಿದು ದಾರಿ ಬಿಟ್ಟಿತು. ಅತ್ತೆ ಒಳಗೆ ನುಗ್ಗಿ ಓಟು ಹಾಕಿ, ಬೆರಳಿನ ಮಸಿ ಆರುವ ಮೊದಲೇ ಹೊರಗೆ ಬಂದರು. ಗೇಟಿನಾಚೆ ವಕೀಲರ ಜೀಪು ನಿಂತಿತ್ತು. ವಿಷಯ ತಿಳಿದದ್ದೇ ವಕೀಲರು ಕೆಳಗಿಳಿದು, “ಹತ್ತಿ, ಹತ್ತಿ,” ಎಂದರು. ತಾವು ಬಿಸಿಲಲ್ಲಿ ನಡೆದೇ ಹೋದರು.

ಎಸ್ಟೇಟಿಗೆ ತಿರುಗಿ ದೇವಕಿಯನ್ನು ಹತ್ತಿಸಿಕೊಂಡೆವು. ಆ ಜೀಪಿನಲ್ಲಿ ಅತ್ತೆ ಜಪಮಾಲೆ ಹೇಳಿದರು, ದೇವಕಿ ತನ್ನೂರಿನ ಅಮ್ಮನವರನ್ನು ಕೂಗಿದಳು, ಡ್ರೈವರ್ ಮಮ್ಮದ್ ಪ್ರತಿ ತಿರುವಿನಲ್ಲೂ “ಯಾ ಅಲ್ಲಾ” ಎಂದ. ನಾನು ಸುಮ್ಮನೆ ಅಳುತ್ತಿದ್ದೆ. ನನ್ನ ಬದುಕಿನ ಮೊದಲ ಓಟು ಹಾಗೆ ತಪ್ಪಿಹೋಯಿತು.

ಮಡಿಕೇರಿಯ ಆಸ್ಪತ್ರೆಯಲ್ಲಿ ಸಂಜೆಗೆ ಹೆಣ್ಣು ಮಗು. ಮರುದಿನ ಕೆಂಚಪ್ಪ ಬಂದು ಬಾಗಿಲಲ್ಲೇ ನಿಂತ. ಅತ್ತೆ ಕೇಳದೆಯೇ ಕೂಸನ್ನು ಅವನ ಕೈಯಲ್ಲಿಟ್ಟರು. “ನಮ್ಮವ್ವನ ಮೂಗು,” ಎಂದವನು ಆ ದಿನವೆಲ್ಲ ಕೂಸನ್ನು ಯಾರಿಗೂ ಕೊಡಲೊಪ್ಪಲಿಲ್ಲ. ನಮ್ಮಲ್ಲಿ ಬಾಣಂತನ ಮುಗಿದ ಮೇಲೆ ತಾಯಿ ಮಗು ಇಬ್ಬರನ್ನೂ ಅವನೇ ಸಾಕಿದ.

ವಕೀಲರು ಸೋತರು. ಮಾವ ಸುದ್ದಿ ತಂದು, “ನಿನ್ನ ಓಟು ದಂಡ ಆಯ್ತಲ್ಲ,” ಎಂದರು. ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ಜೀಪು ಗೆದ್ದಿತಲ್ಲ, ಸಾಕು. ಮುಂದಿನ ಸಲ ಮತ್ತೆ ಕೇಳಿದ್ರಾಯ್ತು.” ಪ್ರತಿ ಸಲವೂ ಕೇಳಿದರು. ಕೊನೆಗೆ ಊರಿಗೆ ಹೆರಿಗೆ ನೋಡುವ ನರ್ಸ್ ಒಬ್ಬರು ಬಂದಾಗ ಅತ್ತೆ ಅವರಿಗೆ ಮಾಡಿದ ಸಡಗರ ಬಿಷಪ್ಪರಿಗೂ ಮಾಡಿರಲಿಲ್ಲ.

ಕಣ್ಣು ಬಿಟ್ಟಾಗ ಪಕ್ಕದ ಮನೆಯ ಕೂಸು ಒಂದೇ ಸಮನೆ ಅಳುತ್ತಿತ್ತು. ಆ ಹುಡುಗಿ ಒಂಟಿ, ಯಾರೂ ಬಂದು ಹೋಗುವುದಿಲ್ಲ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ನನಗೂ. ಕೋಲು ಹಿಡಿದು ಹೋಗಿ ಬಾಗಿಲು ತಟ್ಟಿದೆ. ಕೆದರಿದ ತಲೆಯಲ್ಲಿ ಬಂದವಳು ಗಾಬರಿಯಿಂದ, “ಗಲಾಟೆ ಆಯ್ತಾ ಅಜ್ಜಿ?” ಎಂದಳು.

“ಆಗ್ಲಿ ಬಿಡು. ಕೂಸನ್ನ ಇಲ್ಲಿ ಕೊಡು, ನೀನು ಹೋಗಿ ಊಟ ಮಾಡು,” ಎಂದೆ.