ಊಟದ ಪ್ರಶ್ನೆಗೆ ನಿಂತ ಗೇಟು

ಕಳೆದ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಫ್ಯಾಕ್ಟರಿಯ ಗೇಟು ತೆರೆಯಲಿಲ್ಲ. ಕಾರಣ, ನಾನು ಊಟ ಮಾಡಿರಲಿಲ್ಲ.

ತಮಾಷೆಯಲ್ಲ. ಗೋವಾದ ಕುಂಕಳ್ಳಿಯ ಈ ಫ್ಯಾಕ್ಟರಿಯಲ್ಲಿ ಲಾರಿಗಳಿಗೆ ಗೇಟ್ ಪಾಸ್ ಕೊಡುವ ಕೆಲಸ ನನ್ನದು. ಅದರ ಕಂಪ್ಯೂಟರ್ ಪ್ರೋಗ್ರಾಂ ಬರೆದವರು ನನ್ನ ಗಂಡ, ಇಲ್ಲಿಯೇ ಪ್ರೋಗ್ರಾಮರ್ ಆಗಿದ್ದರು. ನಾನು ಊಟ ಮರೆಯುತ್ತೇನೆಂದು ಅದರೊಳಗೇ ಒಂದು ಪ್ರಶ್ನೆ ಇಟ್ಟಿದ್ದರು. ದಿನವೂ ಒಂದಕ್ಕೆ ನನ್ನ ಸ್ಕ್ರೀನಿನ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ: ‘ಊಟ ಆತಾ?’ ಕೆಳಗೆ ಎರಡು ಬಟನ್. ಹೂಂ, ಇಲ್ಲ. ಇಲ್ಲ ಎಂದರೆ ಅರ್ಧ ತಾಸು ಸ್ಕ್ರೀನ್ ಬಂದ್, ಆಮೇಲೆ ಮತ್ತೆ ಅದೇ ಪ್ರಶ್ನೆ. ಎದ್ದು ಹೋಗಿ ಉಣ್ಣು ಎಂದರ್ಥ.

ಅವರಿದ್ದಾಗ ‘ಇಲ್ಲ’ ಒತ್ತುವ ಪ್ರಸಂಗವೇ ಬರಲಿಲ್ಲ. ಡಬ್ಬಿ ಬಿಚ್ಚಿಕೊಂಡು ಎದುರಿಗೇ ಕೂತಿರುತ್ತಿದ್ದರು. ಅವರು ಹೋದ ಮೇಲೆ ಹನ್ನೊಂದು ತಿಂಗಳು, ಉಣ್ಣದೆಯೇ ‘ಹೂಂ’ ಒತ್ತಿದೆ. (ಸತ್ತವರಿಗೆ ಸುಳ್ಳು ಹೇಳುವುದು ಸುಲಭ ಅಂದುಕೊಂಡಿದ್ದೀರಾ?) ಸೋಮವಾರ ಕೈ ಬರಲಿಲ್ಲ. ನಿಜ ಹೇಳಿಬಿಟ್ಟೆ.

ಗೇಟ್ ಪಾಸ್ ನಿಂತಿತು. ಲಾರಿ ತೂಗುವ ಕಾಟಾ ನಿಂತಿತು. ಹಾಜರಿ ಯಂತ್ರವೂ ನಿಂತಿತು.

ಹೊಸ ಪ್ರೋಗ್ರಾಮರ್ ಶಿಲ್ಪಾ, ಹುಬ್ಬಳ್ಳಿಯವಳು, ಓಡಿ ಬಂದು ನೋಡಿ ತಲೆ ಹಿಡಿದುಕೊಂಡಳು.

“ಅಕ್ಕಾ, ನಿಮ್ಮ ಮನಿಯವ್ರು ಗಡಿಯಾರದ ಫೈಲ್‌ನಾಗ ನಿಮ್ಮ ಊಟ ಹಾಕ್ಯಾರ. ಎಲ್ಲಾ ಫೈಲೂ ಟೈಮ್ ಕೇಳಾಕ ಅದನ್ನ ಇಂಪೋರ್ಟ್ ಮಾಡ್ತಾವ, ಅಂದ್ರ ಒಳಗ ಕರಕೋತಾವ. ಟೈಮ್ ಬೇಕಂದ್ರ ನಿಮ್ಮ ಊಟಾನೂ ಬೆನ್ನ ಹತ್ತಿ ಬರತೈತಿ.”

ಊಟದ ಆ ಸಾಲು ಅಳಿಸಿ ನೋಡಿದಳು. ಹಾಜರಿ ಪಟ್ಟಿಯಲ್ಲಿ ಇಡೀ ಫ್ಯಾಕ್ಟರಿ ಗೈರುಹಾಜರಾಯಿತು, ಮ್ಯಾನೇಜರ್ ಸಹಿತ. ಗಾಬರಿಯಾಗಿ ವಾಪಸ್ ಹಾಕಿದಳು.

ಗೈರುಹಾಜರಾಗಿದ್ದ ಮ್ಯಾನೇಜರೇ ಕ್ಯಾಂಟೀನಿನಿಂದ ಅನ್ನ ಸಾರಿನ ತಟ್ಟೆ ಹಿಡಿದು ಬಂದರು. “ಜೇವ್ ಬಾಯೆ, ಜೇವ್” ಎಂದು ಕೊಂಕಣಿಯಲ್ಲಿ, ಉಣ್ಣು ತಾಯಿ ಎಂದು ಅಂಗಲಾಚಿದರು. ಸುತ್ತ ಲಾರಿ ಡ್ರೈವರುಗಳು. ಪಕ್ಕದ ಸಾಂಗೆಯಿಂದ ಲಾರಿ ತಂದಿದ್ದ, ನಮ್ಮ ಉತ್ತರ ಕರ್ನಾಟಕದ ಕಡೆಯ ಒಬ್ಬರು, “ಸಾವಕಾಶ ಉಣ್ರಿ ಅಕ್ಕಾರ. ಹೆಂಗೂ ಅರ್ಧ ತಾಸು ನಿಂತೇವಿ. ಇನ್ನೊಂದೀಟು ಸಾರು ತರಸ್ಲೇನ್ರಿ?” ಎಂದರು.

ಉಂಡೆ. ಎಷ್ಟೋ ತಿಂಗಳ ಮೇಲೆ, ಹೊಟ್ಟೆ ತುಂಬ.

ಆ ಪ್ರಶ್ನೆಯನ್ನೇ ಕಿತ್ತು ಹಾಕು ಎಂದರು ಮ್ಯಾನೇಜರ್. ನಾನು ಶಿಲ್ಪಾಳ ಕೈ ಹಿಡಿದೆ.

“ತಗೀಬ್ಯಾಡವಾ.”

“ತಗಿಯಂಗಿಲ್ಲಕ್ಕಾ. ಗಡಿಯಾರ ಬ್ಯಾರೆ, ಊಟ ಬ್ಯಾರೆ ಮಾಡ್ತೀನಿ. ಪ್ರಶ್ನಿ ನಿಮಗ ಬರತೈತಿ. ಆದ್ರ ಯಾರ ಕೆಲಸಾನೂ ನಿಲ್ಲಂಗಿಲ್ಲ.”

ನಾಲ್ಕು ದಿನ ಕೂತು ಬಿಡಿಸಿದಳು. ಶನಿವಾರ ಒಂದಕ್ಕೆ ಪ್ರಶ್ನೆ ಬಂತು. ‘ಇಲ್ಲ’ ಒತ್ತಿದೆ. ಗೇಟು ತೆರೆಯಿತು, ಲಾರಿ ಹೋಯಿತು, ಯಾರೂ ತಿರುಗಿ ನೋಡಲಿಲ್ಲ.

ಒಳ್ಳೆಯ ಪ್ರೋಗ್ರಾಂ ಹೀಗೇ ಇರಬೇಕಂತೆ. ಒಂದಕ್ಕಾಗಿ ಇನ್ನೊಂದು ನಿಲ್ಲಬಾರದಂತೆ. ಇರಬಹುದು. ಆದರೆ ನಾನು ಉಣ್ಣದಿದ್ದರೆ ಇನ್ನು ಯಾರ ಲಾರಿ ನಿಲ್ಲುತ್ತದೆ?